ತೊಳೆದು ಬಂದ ಪಾದಗಳು

ಪವಿತ್ರ ಗುರುವಾರದ ಸಂಜೆ ಹನ್ನೆರಡು ಮಂದಿಯ ಪಾದಗಳನ್ನು ತೊಳೆಯುವುದು ಗುರುದೀಕ್ಷೆ ಪಡೆದಂದಿನಿಂದ ನನಗೆ ರೂಢಿಯಾದ ಕಾರ್ಯ. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರ ಅಪೇಕ್ಷೆಯಂತೆ ಆ ವಿಧಿಯಲ್ಲಿ ಬದಲಾವಣೆಯಾದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ ಸ್ತ್ರೀಯರೂ ಆ ಬೆಂಚಿನ ಮೇಲೆ ಕುಳಿತುಕೊಳ್ಳತೊಡಗಿದರು. ತಂಬಿಗೆ, ಬೆಚ್ಚಗಿನ ನೀರು, ಮಡಿಸಿಟ್ಟ ಬಿಳಿಯ ವಸ್ತ್ರ ಎಲ್ಲವೂ ಸಿದ್ಧವಾಗಿರುತ್ತವೆ. ಆದರೆ ಒಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಹನ್ನೆರಡು ಮಂದಿಯೂ ಮನೆಯಲ್ಲಿ ಸೋಪು ಹಚ್ಚಿ ಪಾದಗಳನ್ನು ಉಜ್ಜಿ ತೊಳೆದುಕೊಂಡೇ ಬಂದಿರುತ್ತಾರೆ. ತೊಳೆದ ಪಾದಗಳನ್ನೇ ನಾನು ಮತ್ತೊಮ್ಮೆ ತೊಳೆಯುತ್ತಿದ್ದೆ. ಇದು ನನಗೆ ಅರಿವಾದದ್ದು 2019ರಲ್ಲಿ, ನನ್ನ ತಾಯಿಯ ಹಾಸಿಗೆಯ ಬಳಿ.

ಅಮ್ಮನಿಗೆ ಆಗ ಎಂಬತ್ತು ವರ್ಷ. ಅದಕ್ಕೆ ಎರಡು ವರ್ಷ ಮೊದಲೇ ಮೈಸೂರಿನಲ್ಲಿ ಪರೀಕ್ಷಿಸಿದ ವೈದ್ಯರು ಇದು ಮರೆವಿನ ಕಾಯಿಲೆ, ಆಲ್ಝೈಮರ್ ಎಂದು ತಿಳಿಸಿದ್ದರು. ಅವಳು ಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ತಿಂಗಳಿಗೊಮ್ಮೆ ನಾನು ಹೋಗಿ ಬರುತ್ತಿದ್ದೆ. ಹೊಸ್ತಿಲು ದಾಟುತ್ತಿದ್ದಂತೆಯೇ ಮೂತ್ರದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಮ್ಮೆ ತಮ್ಮನ ಹೆಂಡತಿಯನ್ನು ಕರೆದು, “ದಿನವೂ ಫಿನಾಯಿಲ್ ಹಾಕಿ ಒರೆಸಬಾರದೇನಮ್ಮಾ?” ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, “ಆಗಲಿ ಸ್ವಾಮಿ” ಎಂದಳು. ನಾನು ಊಟ ಮಾಡಿ, ಅಮ್ಮನನ್ನು ಆಶೀರ್ವದಿಸಿ, ಹೊರಟುಬಂದೆ.

ಆ ವರ್ಷದ ಮೇ ತಿಂಗಳಲ್ಲಿ ಆಕೆಗೆ ಶಸ್ತ್ರಚಿಕಿತ್ಸೆಯಾಗಿ ತವರಿನಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. ತಮ್ಮ ಹಗಲೂ ರಾತ್ರಿ ಪಾಳಿಯ ಕೆಲಸದವನು. ಮೇಲಿನವರ ಅನುಮತಿ ಪಡೆದು ಮೂರು ವಾರ ಅಮ್ಮನ ಬಳಿ ಇರಲು ನಾನು ಹೋದೆ. ಅಮ್ಮನಿಗೆ ಹಗಲು ಸ್ನಾನ ಮಾಡಿಸಲು ನೆರೆಮನೆಯ ಹೆಂಗಸೊಬ್ಬರು ಒಪ್ಪಿಕೊಂಡರು. ರಾತ್ರಿಗೆ ನಾನೊಬ್ಬನೇ.

ಮೊದಲ ರಾತ್ರಿಯೇ ಅಮ್ಮ ಎದ್ದು, ಗೋಡೆ ತಡವುತ್ತಾ ಹೋಗಿ, ಅಡುಗೆಮನೆಯ ಮೂಲೆಯಲ್ಲಿ ಕುಳಿತು ಮೂತ್ರ ಮಾಡಿದಳು. “ಏನಮ್ಮಾ ಇದು, ನಾಚಿಕೆಯಾಗುವುದಿಲ್ಲವೇ?” ಎಂದು ಗದರಿದೆ. ಅವಳು ಏನೂ ಹೇಳಲಿಲ್ಲ. ಮರುದಿನ ಹಾಸಿಗೆ ಎತ್ತಿದಾಗ ಒದ್ದೆಯಾದ ಲಂಗವೊಂದು ಮಡಿಕೆ ಮಾಡಿ ಅಡಿಯಲ್ಲಿ ಬಚ್ಚಿಟ್ಟದ್ದು ಸಿಕ್ಕಿತು. ನನ್ನ ಹೆಸರನ್ನೂ ಮರೆತವಳು ನಾಚಿಕೆಯನ್ನು ಮರೆತಿರಲಿಲ್ಲ. ಆ ಲಂಗವನ್ನು ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಅನಂತರ ಇನ್ನೊಂದು ತಪ್ಪು ಮಾಡಿದೆ. ನೀರು ಕಡಿಮೆ ಕೊಟ್ಟರೆ ಬಟ್ಟೆ ಒದ್ದೆಯಾಗುವುದೂ ಕಡಿಮೆಯಾದೀತೆಂದು ಎಣಿಸಿ ಅವಳ ಕುಡಿಯುವ ನೀರನ್ನು ಅರ್ಧಕ್ಕಿಳಿಸಿದೆ. ವಾರ ಕಳೆಯುವಷ್ಟರಲ್ಲಿ ಅರ್ಧ ಗಂಟೆಗೊಮ್ಮೆ ಬಟ್ಟೆ ಒದ್ದೆಯಾಗತೊಡಗಿತು. ಅವಳ ಗೊಂದಲ ಮಿತಿಮೀರಿತು. ಯಾರನ್ನೋ ಕೂಗಿ ಕರೆಯುತ್ತಿದ್ದಳು. ರೋಗ ಉಲ್ಬಣಿಸಿತೆಂದೇ ನಾನು ಭಾವಿಸಿದೆ. ಊರಿನ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಕಂಡುಬಂತು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಮಲಬದ್ಧತೆಯುಂಟಾಗಿ ಅದೂ ಮೂತ್ರಕೋಶವನ್ನು ಒತ್ತುತ್ತದೆ ಎಂದು ಅವರು ವಿವರಿಸಿದರು. ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಅಮ್ಮ ಮೊದಲಿನ ಸ್ಥಿತಿಗೆ ಬಂದಳು. ಇಂಥ ಬದಲಾವಣೆ ಹಠಾತ್ತನೆ ಕಂಡರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರದೆ ವೈದ್ಯರ ಬಳಿ ಹೋಗಬೇಕೆಂಬ ಪಾಠವನ್ನು ಅಮ್ಮನ ನೋವಿನಿಂದ ನಾನು ಕಲಿಯಬೇಕಾಯಿತು.

ಆ ವೈದ್ಯರೇ ಇನ್ನೊಂದು ಮಾತನ್ನೂ ತಿಳಿಯಹೇಳಿದರು. ಮೂತ್ರಕೋಶ ತುಂಬಿದೆಯೆಂದು ಗುರುತಿಸುವುದು, ಶೌಚಾಲಯ ಎಲ್ಲಿದೆಯೆಂದು ನೆನೆಯುವುದು, ದಾರಿ ಹುಡುಕುವುದು, ಗಂಟು ಬಿಚ್ಚುವವರೆಗೆ ತಡೆದುಕೊಳ್ಳುವುದು ಇವೆಲ್ಲವೂ ಮಿದುಳಿನ ಕೆಲಸ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಬಟ್ಟೆ ಒದ್ದೆಯಾಗುತ್ತದೆ. ಅದು ಹಠವಲ್ಲ, ಸೋಮಾರಿತನವೂ ಅಲ್ಲ. ನಮ್ಮ ಶೌಚಾಲಯವಿದ್ದದ್ದು ಹಿತ್ತಲಿನಲ್ಲಿ, ಇಪ್ಪತ್ತು ಹೆಜ್ಜೆಗಳಾಚೆ, ಕತ್ತಲೆಯಲ್ಲಿ. ನಾನು ನಾಚಿಕೆಯ ಮಾತನ್ನಾಡಿದ್ದು ಅಲ್ಲಿಯವರೆಗೆ ದಾರಿ ಕಾಣದವಳಿಗೆ.

ಅಂದಿನಿಂದ ಕ್ರಮ ಬದಲಾಯಿತು. ಸೆಮಿನರಿಯಲ್ಲಿ ಗಂಟೆಯ ಸದ್ದಿಗೆ ಏಳುವುದು, ಕೂಡುವುದು ನನಗೆ ಅಭ್ಯಾಸವಾಗಿತ್ತು. ಆ ಶಿಸ್ತು ಇಲ್ಲಿ ಉಪಯೋಗಕ್ಕೆ ಬಂತು. ಹಗಲು ಎರಡು ಗಂಟೆಗೊಮ್ಮೆ, ಊಟದ ನಂತರ ಮತ್ತು ಮಲಗುವ ಮುನ್ನ “ಬಾಮ್ಮಾ, ಹೋಗಿ ಬರೋಣ” ಎಂದು ಕರೆದೊಯ್ಯುತ್ತಿದ್ದೆ. “ಹೋಗಬೇಕಾ?” ಎಂದು ಕೇಳಿದರೆ ಬೇಡವೆಂದೇ ಉತ್ತರ ಬರುತ್ತಿತ್ತು. ಸೆರಗನ್ನು ಹಿಡಿದೆಳೆಯುವುದು, ಕಾರಣವಿಲ್ಲದೆ ಎದ್ದು ಓಡಾಡುವುದು ಅವಳ ಕರೆ ಎಂಬುದನ್ನು ಗುರುತಿಸಲು ಕಲಿತೆ. ರಾತ್ರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟು, ಒಂದು ಸಣ್ಣ ದೀಪ ಉರಿಯಲು ಬಿಟ್ಟೆ. ಸೀರೆ, ಲಂಗದ ಗಂಟುಗಳ ಬದಲು ಸಡಿಲವಾದ ನೈಟಿ ಬಂತು. ಹಾಸಿಗೆಗೆ ರಬ್ಬರ್ ಶೀಟು, ಅದರ ಮೇಲೆ ಹಳೆಯ ಹತ್ತಿ ಸೀರೆಯ ಮಡಿಕೆ. ನೀರನ್ನು ಹಗಲಿನಲ್ಲಿ ಧಾರಾಳವಾಗಿ ಕೊಟ್ಟು, ಸಂಜೆಯ ನಂತರ ಮಾತ್ರ ಸ್ವಲ್ಪ ತಗ್ಗಿಸಿದೆ. ಡೈಪರ್ ರಾತ್ರಿಗೆ ಮಾತ್ರ. ಅದೂ ಒದ್ದೆಯಾದೊಡನೆ ಬದಲಿಸಿ, ಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ವ್ಯಾಸಲೀನ್ ಹಚ್ಚಬೇಕು. ಇಲ್ಲದಿದ್ದರೆ ಮುದಿಚರ್ಮ ಬೇಗನೆ ಹುಣ್ಣಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕೆಲವು ರಾತ್ರಿ ಎಲ್ಲವೂ ಒದ್ದೆಯಾಗುತ್ತಿತ್ತು.

ಮಗನಾದವನು ತಾಯಿಯ ಮೈ ತೊಳೆಯುವುದು ಸುಲಭವಲ್ಲ. ಮೊದಲ ಸಲ ನನ್ನ ಕೈ ನಡುಗಿತು. ಅವಳು ನೈಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸೊಂಟದ ಮೇಲೊಂದು ಟವೆಲ್ ಹೊದಿಸಿ, ಏನು ಮಾಡುತ್ತಿದ್ದೇನೆಂದು ಮೆಲ್ಲನೆ ಹೇಳುತ್ತಾ, ಆದಷ್ಟು ಬೇರೆ ಕಡೆ ನೋಡುತ್ತಾ ತೊಳೆದೆ. ನಾನು ಗುರುವಾದಂದಿನಿಂದ ನನ್ನನ್ನು ‘ಸ್ವಾಮಿ’ ಎಂದೇ ಕರೆಯುತ್ತಿದ್ದ ಅಮ್ಮ ಆ ರಾತ್ರಿ ನನ್ನ ಮುಖವನ್ನೇ ದಿಟ್ಟಿಸಿ, “ನಿಂಗೆ ನಿದ್ದೆ ಇಲ್ವಾ ಅಪ್ಪಾ?” ಎಂದಳು. ಮಗನೆಂದು ಹಾಗೆ ಕರೆದಳೋ, ತನ್ನ ತಂದೆಯೆಂದು ಬಗೆದಳೋ ತಿಳಿಯದು. ಹಿಡಿದಿದ್ದ ನೈಟಿಯನ್ನು ಮಾತ್ರ ಕೈಬಿಟ್ಟಿದ್ದಳು.

ಮೂರು ವಾರ ಕಳೆದು ತಮ್ಮನ ಹೆಂಡತಿ ಹಿಂತಿರುಗಿದಳು. ಮನೆಯಲ್ಲಿ ವಾಸನೆ ಪೂರ್ತಿಯಾಗಿ ಹೋಗಿರಲಿಲ್ಲ. ಎರಡು ವರ್ಷ ಅವಳೊಬ್ಬಳೇ ಎಷ್ಟು ಬಟ್ಟೆ ಒಗೆದಿರಬೇಕೆಂಬುದು ಈಗ ನನ್ನ ಬೆನ್ನಿಗೆ ಗೊತ್ತಿತ್ತು. “ಅಂದು ಫಿನಾಯಿಲಿನ ಮಾತಾಡಬಾರದಿತ್ತು, ಕ್ಷಮಿಸಮ್ಮಾ” ಎಂದೆ. “ಅಯ್ಯೋ, ಬಿಡಿ ಸ್ವಾಮಿ” ಎಂದು ಅವಳು ಬಕೆಟ್ಟಿಗೆ ಕೈ ಹಾಕಿದಳು. ಇನ್ನೂ ಭಾರ ಎತ್ತುವ ಹಾಗಿರಲಿಲ್ಲ. ಬಕೆಟ್ಟನ್ನು ನಾನೇ ಹಿತ್ತಲಿಗೆ ಒಯ್ದೆ. ಆಮೇಲೆ ತಮ್ಮನನ್ನೂ ಕೂರಿಸಿಕೊಂಡು ಮಾತಾಡಿದೆವು. ರಾತ್ರಿ ಪಾಳಿ ಇಲ್ಲದ ದಿನ ಅಮ್ಮನ ಹೊಣೆ ಅವನದು. ತಿಂಗಳಿಗೆ ಎರಡು ರಾತ್ರಿ ನನ್ನದು. ಡೈಪರಿನ ಖರ್ಚು ನನ್ನದು. ಅಮ್ಮ 2021ರಲ್ಲಿ ಪ್ರಭುವಿನಲ್ಲಿ ನಿದ್ರಿಸುವವರೆಗೂ ಆ ಕ್ರಮ ನಡೆಯಿತು.

ಪ್ರಿಯ ಓದುಗರೇ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆಯಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಕೆಲವರು ನಿಮ್ಮ ಬೀದಿಯಲ್ಲೇ ಇರಬಹುದು. ಅವರ ಹಿಂದೆ ಮುಚ್ಚಿದ ಬಾಗಿಲಿನೊಳಗೆ ಒಬ್ಬ ಮಗಳೋ ಸೊಸೆಯೋ ನಿದ್ದೆಗೆಟ್ಟಿರುತ್ತಾಳೆ. ಈಗ ಪರಮಪ್ರಸಾದವನ್ನು ಹಿಡಿದು ರೋಗಿಗಳ ಮನೆಗೆ ಹೋದಾಗ ಆ ವಾಸನೆ ಬಂದರೆ ನಾನು ಮುಖ ತಿರುಗಿಸುವುದಿಲ್ಲ. ರೋಗಿಯನ್ನು ಕಂಡ ಬಳಿಕ, ಅಡುಗೆಮನೆಯ ಬಾಗಿಲಲ್ಲಿ ನಿಂತವಳನ್ನು, “ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆಯಮ್ಮಾ?” ಎಂದು ಕೇಳುತ್ತೇನೆ. ಹಲವರು ಉತ್ತರಿಸುವ ಮೊದಲೇ ಅತ್ತುಬಿಡುತ್ತಾರೆ.

ಪವಿತ್ರ ಗುರುವಾರ ಈಗಲೂ ಹನ್ನೆರಡು ಮಂದಿ ಪಾದಗಳನ್ನು ತೊಳೆದುಕೊಂಡೇ ಬರುತ್ತಾರೆ. ನಾನೂ ನೀರೆರೆದು ಒರೆಸುತ್ತೇನೆ. ಆ ವಸ್ತ್ರ ಮಾತ್ರ ಕೈಗೆ ಬಂದಾಗಲೆಲ್ಲ ಹಾಸಿಗೆಯ ಅಡಿಯಲ್ಲಿ ಮಡಿಸಿಟ್ಟಿದ್ದ ಆ ಒದ್ದೆ ಲಂಗ ನೆನಪಾಗುತ್ತದೆ.