ಒಂದು ಒತ್ತಕ್ಷರದ ಜಗಳ

ನಾನು ಗುಮಾಸ್ತ. ಹೆಸರಲ್ಲಿ ಒಂದಕ್ಷರ ಆಚೀಚೆ ಆದ್ರೆ ಫೈಲು ಹೇಗೆ ನಿಲ್ಲುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆ ಒಂದಕ್ಷರಕ್ಕೆ ಒಂದು ಸಿನಿಮಾನೇ ನಿಂತುಹೋಗಿತ್ತು, ದೂರದ ಸೆನೆಗಲ್‌ನಲ್ಲಿ.

ತೆಗೆದವನು ಉಸ್ಮಾನ್ ಸೆಂಬೆನ್. ಮೀನುಗಾರನ ಮಗ, ಹುಟ್ಟಿದ್ದು 1923. ಫ್ರೆಂಚರ ಸೈನ್ಯದಲ್ಲಿ ದುಡಿದು, ಆಮೇಲೆ ಮಾರ್ಸೇಲ್ ಬಂದರಲ್ಲಿ ಮೂಟೆ ಹೊತ್ತ. ಯೂನಿಯನ್ ಸೇರಿದ, ಓದಿದ, 1956ರಲ್ಲಿ ಮೊದಲ ಕಾದಂಬರಿ ಬರೆದ. 1947-48ರ ರೈಲ್ವೆ ಮುಷ್ಕರದ ಬಗ್ಗೆ ಬರೆದ ಕಾದಂಬರಿಯಿಂದ ದೊಡ್ಡ ಹೆಸರೂ ಬಂತು. ಆದ್ರೆ ಯಾರ ಕಥೆ ಬರೆದನೋ ಅವರಿಗೇ ಫ್ರೆಂಚ್ ಓದಕ್ಕೆ ಬರಲ್ವಲ್ಲ! ಹತ್ತಿರ ಹತ್ತಿರ ನಲವತ್ತರ ವಯಸ್ಸಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತ. ಆ ವಯಸ್ಸಲ್ಲಿ ನಾವು ಪ್ರಮೋಷನ್ ಲಿಸ್ಟ್ ನೋಡ್ತಾ ಕೂತಿರ್ತೀವಿ.

1977ರ 'ಚೆಡ್ಡೊ' ಹಳೇ ಕಾಲದ ಒಂದು ಹಳ್ಳಿಯ ಕಥೆ. ಒಂದು ಕಡೆ ಇಮಾಮ್, ಇನ್ನೊಂದು ಕಡೆ ಪಾದ್ರಿ, ಗುಲಾಮರ ವ್ಯಾಪಾರಿ. ಯಾರಿಗೂ ತಲೆಬಾಗದ ಜನವೇ ಚೆಡ್ಡೊಗಳು. (ನನಗಂತೂ ನಮ್ಮ 'ಸೆಡ್ಡು' ನೆನಪಾಯ್ತು.) ಬಂದೂಕಿಗಾಗಿ ತಮ್ಮವರೇ ತಮ್ಮವರನ್ನು ಮಾರಿದ್ದನ್ನೂ ಆತ ಮುಚ್ಚಿಡಲಿಲ್ಲ. ಸರ್ಕಾರ ನಿಷೇಧಿಸಿತು. ಕೊಟ್ಟ ಕಾರಣ? ಹೆಸರಲ್ಲಿ ಎರಡು 'ಡಿ' ಇದೆ, ನಿಯಮದ ಪ್ರಕಾರ ಒಂದೇ ಇರಬೇಕು. ಅಧ್ಯಕ್ಷ ಸೆಂಘೋರ್ ಸ್ವತಃ ದೊಡ್ಡ ಕವಿ ಬೇರೆ! ಸೆಂಬೆನ್ ಆ ಒತ್ತು ತೆಗೆಯಲಿಲ್ಲ.

1988ರಲ್ಲಿ ಥಿಯರೋಯೆ ಶಿಬಿರದ ಸಿನಿಮಾ. ಯುದ್ಧಕೈದಿಗಳಾಗಿದ್ದು ವಾಪಸಾದ ಆಫ್ರಿಕನ್ ಸೈನಿಕರು ಬಾಕಿ ಸಂಬಳ ಕೇಳಿದ್ದಕ್ಕೆ 1944ರ ಡಿಸೆಂಬರ್ 1ರಂದು ಫ್ರೆಂಚ್ ಸೈನ್ಯ ಗುಂಡು ಹೊಡೆಯಿತು. ಸತ್ತವರು 35 ಅಂತ ಸರ್ಕಾರಿ ಲೆಕ್ಕ; ಇನ್ನೂ ಎಷ್ಟೋ ಹೆಚ್ಚು ಅಂತಾರೆ ಇತಿಹಾಸಕಾರರು. ಫ್ರಾನ್ಸ್ ಅಧ್ಯಕ್ಷರು ಅದನ್ನು ಹತ್ಯಾಕಾಂಡ ಅಂತ ಒಪ್ಪಿದ್ದು 2024ರಲ್ಲಿ. ಸೆಂಬೆನ್ 2007ರಲ್ಲೇ ಹೋಗಿಬಿಟ್ಟಿದ್ದ.

ನನ್ನನ್ನು ಕುಟುಕಿದ್ದು ಮಾತ್ರ 1968ರ 'ಮಂಡಾಬಿ'. ವೊಲೊಫ್ ಭಾಷೆಯಲ್ಲೇ ತೆಗೆದದ್ದು. ಪ್ಯಾರಿಸ್‌ನಿಂದ ಬಂದ ಮನಿಯಾರ್ಡರ್ ಬಿಡಿಸಿಕೊಳ್ಳೋಕೆ ಓದುಬರಹ ಇಲ್ಲದವನೊಬ್ಬ ಗುರುತಿನ ಚೀಟಿಗೆ ಅಲೀತಾನೆ. ಚೀಟಿಗೆ ಜನನ ಪತ್ರ ಬೇಕು, ಫೋಟೋ ಬೇಕು. ಕೌಂಟರ್ ಹಿಂದೆ ಕೂತವನಿಗೆ ತಲೆ ಎತ್ತಿ ನೋಡೋ ಪುರುಸೊತ್ತಿಲ್ಲ.

ಅಲ್ಲಿ ಸಿನಿಮಾ ನಿಲ್ಲಿಸಿಬಿಟ್ಟೆ. ಕೆಲವು ವರ್ಷಗಳ ಹಿಂದೆ ಪಿಂಚಣಿಗೆ ಅರ್ಜಿ ಹಿಡಿದು ಒಬ್ಬ ಅಜ್ಜಿ ಬಂದಿದ್ರು, ನಮ್ಮ ಕೇರಿಯವರೇ. ಎರಡು ದಾಖಲೆಗಳ ನಡುವೆ ಹೆಸರಲ್ಲಿ ಒಂದೇ ಒಂದು ಒತ್ತು ವ್ಯತ್ಯಾಸ. 'ಸರಿಪಡಿಸಿ ತರುವುದು' ಅಂತ ಬರೆದು ವಾಪಸ್ ಕೊಟ್ಟವನು ನಾನೇ. ಅಜ್ಜಿ ಮತ್ತೆ ಬರಲಿಲ್ಲ.