ಚಂದ್ರಶಿಲೆಯ ಸಾಕ್ಷ್ಯ

ರಮಝಾನಿನ ಚಂದ್ರದರ್ಶನಕ್ಕಾಗಿ ಮಾಳಿಗೆ ಏರುವ ನಮ್ಮ ಮಕ್ಕಳು ಆ ಚಂದ್ರನ ಬಗ್ಗೆ ಏನೆಲ್ಲ ನಂಬಿದ್ದಾರೆಂಬುದು ತರಗತಿಯಲ್ಲಿ ತಿಳಿಯುತ್ತದೆ. “ಉಸ್ತಾದ್, ಚಂದ್ರನ ಒಳಗೆಲ್ಲ ಟೊಳ್ಳಂತೆ, ಬಡಿದರೆ ಗಂಟೆಯಂತೆ ಮೊಳಗುತ್ತದಂತೆ, ನಿಜವೇ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಮೊಬೈಲಿಗೆ ಬಂದ ವಿಡಿಯೋ ಅವನ ಆಧಾರ. ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಆ ಸುಳ್ಳಿನೊಳಗೆ ಒಂದು ಸತ್ಯವೂ ಇದೆ. ಅದನ್ನು ಬೇರ್ಪಡಿಸಿ ತೋರಿಸುವುದು ಶಿಕ್ಷಕನ ಹೊಣೆ.

1969ರ ನವೆಂಬರ್‌ನಲ್ಲಿ ಅಪೊಲೊ 12ರ ಯಾತ್ರಿಕರು ಚಂದ್ರನ ಮೇಲೆ ಕಂಪನಮಾಪಕವನ್ನು ಇರಿಸಿದರು. ಬಳಿಕ, ಬಳಸಿ ಮುಗಿದ ನೌಕೆಯ ಭಾಗವೊಂದನ್ನು ಅಲ್ಲಿನ ನೆಲಕ್ಕೆ ಅಪ್ಪಳಿಸಲಾಯಿತು. ಭೂಮಿಯಲ್ಲಾದರೆ ಬೇಗನೆ ಅಡಗುತ್ತಿದ್ದ ಕಂಪನ ಅಲ್ಲಿ ಹೆಚ್ಚುಕಡಿಮೆ ಒಂದು ತಾಸು ಮುಂದುವರಿಯಿತು. ಗಂಟೆಯ ಹೋಲಿಕೆ ಹುಟ್ಟಿದ್ದು ಆಗ.

ಆದರೆ ಅಪೊಲೊ ಯಾತ್ರಿಕರು ತಂದ ಶಿಲೆಗಳನ್ನು ಭೂಮಿಯ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ, ಅವು ಇಲ್ಲಿನ ಕಲ್ಲುಗಳಂತೆಯೇ ಕಂಪನವನ್ನು ಬೇಗನೆ ಹೀರಿಕೊಂಡವು. ಚಂದ್ರನ ನೆಲ ಒಂದನ್ನು ನುಡಿದರೆ, ಆ ನೆಲದ ಕಲ್ಲೇ ಇನ್ನೊಂದನ್ನು ನುಡಿಯಿತು. ಈ ತೊಡಕನ್ನು ಬಿಡಿಸಲು 1970ರ ದಶಕದಲ್ಲಿ ಅಮೆರಿಕದ ಬರ್ನ್‌ಹಾರ್ಡ್ ಟಿಟ್‌ಮನ್ ಮತ್ತು ಸಂಗಡಿಗರು, ಅಪೊಲೊ 17 ತಂದ 70215 ಸಂಖ್ಯೆಯ ಶಿಲೆಯ ತುಣುಕನ್ನು ನಿರ್ವಾತದಲ್ಲಿಟ್ಟು ಕಾಯಿಸಿದರು. ಗಾಳಿಯಿಂದ ಬಂದು ಅದರ ಸೂಕ್ಷ್ಮ ಬಿರುಕುಗಳಲ್ಲಿ ಅಂಟಿದ್ದ ನೀರಿನ ಅಣುಗಳು ಹೊರಬಿದ್ದವು. ಕಂಪನ ಅಡಗದೆ ಉಳಿಯುವ ಗುಣವನ್ನು ವಿಜ್ಞಾನಿಗಳು ‘ಕ್ಯೂ’ ಎಂಬ ಅಂಕದಿಂದ ಅಳೆಯುತ್ತಾರೆ. ತೇವವಿದ್ದಾಗ ತೀರಾ ಕಡಿಮೆಯಿದ್ದ ಆ ಅಂಕ ಈಗ 3,000ವನ್ನು ಮೀರಿತು. ಕಣ್ಣಿಗೆ ಕಾಣದಷ್ಟು ತೇವವೇ ಕಂಪನದ ಶಕ್ತಿಯನ್ನು ನುಂಗುತ್ತಿತ್ತು.

ಹಾಗಾದರೆ ಚಂದ್ರ ಟೊಳ್ಳಲ್ಲ. ಅದರ ಹೊರಪದರ ಬಹಳ ಒಣಗಿದೆ. ಬಿರುಕುಗಳಿಂದ ತುಂಬಿದ ಆ ಪದರದಲ್ಲಿ ಅಲೆಗಳು ಚದುರಿ, ಅಡಗದೆ ಅಲೆದಾಡುತ್ತವೆ. ಧ್ವನಿಯನ್ನು ಸಾಗಿಸುವ ಗಾಳಿ ಅಲ್ಲಿಲ್ಲದ ಕಾರಣ ಕಂಪನವಿತ್ತೇ ಹೊರತು ಮೊಳಗು ಇರಲಿಲ್ಲ.

ಹದೀಸ್ ಶಾಸ್ತ್ರವನ್ನು ಓದಿದ ನನಗೆ ಈ ಪರೀಕ್ಷೆಯ ರೀತಿ ಅಪರಿಚಿತವೆನಿಸಲಿಲ್ಲ. ರಾವಿ ಸತ್ಯವಂತನಾಗಿದ್ದರೆ ಸಾಲದು. ವರದಿ ಹೇಳಿದಾಗ ಅವನ ನೆನಪು ಸರಿಯಿತ್ತೇ ಎಂಬುದನ್ನೂ ನಮ್ಮ ವಿದ್ವಾಂಸರು ವಿಚಾರಿಸುತ್ತಿದ್ದರು. ವೃದ್ಧಾಪ್ಯದಲ್ಲಿ ನೆನಪು ಕದಡಿದವರ ಮೊದಲಿನ ಮಾತನ್ನೂ ಅನಂತರದ ಮಾತನ್ನೂ ಬೇರೆಬೇರೆಯಾಗಿ ತೂಗುತ್ತಿದ್ದರು. ಆ ಶಿಲೆಯೂ ಸುಳ್ಳಾಡಿರಲಿಲ್ಲ, ಭೂಮಿಯ ತೇವವನ್ನು ಹೊತ್ತು ಸಾಕ್ಷ್ಯ ನುಡಿದಿತ್ತು.

ಪ್ರಿಯ ಹೆತ್ತವರೇ, ಬೆರಗಿನ ಸುದ್ದಿಯೊಂದಿಗೆ ಮನೆಗೆ ಬರುವ ಮಗುವನ್ನು ಗದರಿಸಬೇಡಿ. ಇದನ್ನು ಕಂಡವರು ಯಾರು, ಅಳೆದದ್ದು ಹೇಗೆ, ಯಾವ ಸ್ಥಿತಿಯಲ್ಲಿ ಎಂದು ಕೇಳಲು ಕಲಿಸಿರಿ. ಇಷ್ಟನ್ನು ಕೇಳುವ ಮಗುವಿಗೆ ಯಾವ ಸುದ್ದಿಯನ್ನು ಮುಂದಕ್ಕೆ ಕಳುಹಿಸಬೇಕು, ಯಾವುದನ್ನು ಅಲ್ಲಿಯೇ ನಿಲ್ಲಿಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.