ಎಜ್‌ವೇರ್ ಪತ್ರ – 9: ಸುರಂಗದ ರೈಲು

"ನೆಲದೊಳಗೆ ಉಸಿರು ಕಟ್ಟಲ್ವೇನೇ?" ಅಂತ ಪ್ರತಿ ಸಲ ಕೇಳ್ತೀಯಲ್ಲಮ್ಮ, ಕಟ್ಟಲ್ಲ. ನಾರ್ದರ್ನ್ ಲೈನಿನ ರೈಲು 1924ರಿಂದ ಎಜ್‌ವೇರ್‌ಗೆ ಬರ್ತಿದೆ. ಗೋಲ್ಡರ್ಸ್ ಗ್ರೀನ್ ತನಕ ಹೆಚ್ಚುಕಮ್ಮಿ ಬಯಲಲ್ಲೇ ಓಡುತ್ತೆ, ಆಮೇಲೆ ಸುರಂಗ. ಮುಂದಿನ ಹ್ಯಾಂಪ್‌ಸ್ಟೆಡ್ ಸ್ಟೇಷನ್ 58 ಮೀಟರ್ ಆಳದಲ್ಲಿದೆ, ಲಂಡನ್ ಟ್ಯೂಬಿನಲ್ಲೇ ಅತಿ ಆಳ.

ಅಪ್ಪನ ಆಪರೇಷನ್ ದಿನ ಮಾತ್ರ ಉಸಿರು ಕಟ್ಟಿದ್ದು ನಿಜ. ಆಗ ಸುರಂಗದಲ್ಲಿ ಸಿಗ್ನಲ್ ಇರಲಿಲ್ಲ, ನಿನ್ನ ಫೋನು ಅರ್ಧಕ್ಕೇ ಕಟ್ಟಾಯ್ತು. ಬೆಲ್ಸೈಜ್ ಪಾರ್ಕಿನಲ್ಲಿ ಇಳಿದು ಮೇಲೆ ಬಂದ ಮೇಲೇ "ಹೊರಗೆ ಕರ್ಕೊಂಡು ಬಂದ್ರು ಕಣೇ" ಅಂದಿದ್ದು ಕೇಳಿಸ್ತು.

ಇಲ್ಲಿಗೆ ಬರೋ ನಮ್ಮೂರ ನರ್ಸ್ ಹುಡುಗಿಯರೇ, ಕ್ಯಾಮ್ಡೆನ್ ಟೌನಿನಲ್ಲಿ ಲೈನು ಕವಲೊಡೆಯುತ್ತೆ. ವಾಪಸ್ ಬರುವಾಗ ಬೋರ್ಡಿನಲ್ಲಿ ಎಜ್‌ವೇರ್ ಅಂತಿದ್ದರೇ ಹತ್ತಿ. ಹೈ ಬಾರ್ನೆಟ್ ಬೇರೆ ದಿಕ್ಕು. ನೈಟ್ ಡ್ಯೂಟಿ ಮುಗಿಸಿ ಬರ್ತಾ ನಿದ್ದೆ ಹತ್ತಿದರೂ ಚಿಂತೆಯಿಲ್ಲ. ನಮ್ಮದು ಕೊನೇ ಸ್ಟೇಷನ್, ದಾಟಿ ಹೋಗೋಕೆ ಮುಂದೆ ಹಳಿಯೇ ಇಲ್ಲ.